ಹತ್ತನೆಯ ಟೊಪ್ಪಿಗೆ

ನಮ್ಮ ಕಾಕಾನಿಗೆ ಹತ್ತರ ಹುಚ್ಚು. ಹತ್ತರಾಚೆ ಅವನಿಗೆ ಎಣಿಸಲು ಬರುವುದಿಲ್ಲವೆಂದು ಗೋಕಾಕದ ಮಂದಿ ನಗುತ್ತಿದ್ದರು. ಬಂದು ತಾನೇ ಏನು ಮಾಡಬೇಕಿತ್ತು ಹೇಳಿ! ನಾವು ಯಹೂದಿಗಳು. ಹತ್ತು ಗಂಡಸರು ಕೂಡದೆ ನಮ್ಮಲ್ಲಿ ಸತ್ತವರ ಪ್ರಾರ್ಥನೆ ಆಗದು. (ಹೆಂಗಸರು ನೂರು ಮಂದಿ ಇದ್ದರೂ ಅಡುಗೆಗಷ್ಟೇ!) ಗೋಕಾಕ, ಮೂಡಲಗಿ, ಹುಕ್ಕೇರಿ ಜಾಲಾಡಿದರೂ ನಮ್ಮ ಗಂಡಸರು ಸರಿಯಾಗಿ ಹತ್ತೇ.

ತಲೆ ಎಣಿಸಬಾರದೆಂದು ಹಿರಿಯರ ಮಾತು. ಅದಕ್ಕೇ ಕಾಕಾ ಟೊಪ್ಪಿಗೆ ಎಣಿಸುತ್ತಿದ್ದ. ಚೀಲದಲ್ಲಿ ಹತ್ತು ಟೊಪ್ಪಿಗೆ ತುಂಬಿಕೊಂಡು ಸೈಕಲ್ ಮೇಲೆ ಊರೂರು ತಿರುಗಿ, ಪ್ರಾರ್ಥನೆಗೆ ಬರುವೆನೆಂದವರಿಗೆ ಒಂದೊಂದು ಹಂಚುವುದು. ಚೀಲ ಖಾಲಿಯಾದರೆ ಲೆಕ್ಕ ಸರಿ. ಒಮ್ಮೆ ಒಬ್ಬರು ಜ್ವರ ಬಂದು ಮಲಗಿದಾಗ, ಪುಣೆಯಿಂದ ಬಂದ ನೆಂಟನ ಚಪ್ಪಲಿ ಮುಚ್ಚಿಟ್ಟು ಎರಡು ದಿನ ಊರು ಬಿಡದಂತೆ ಮಾಡಿದ್ದ. "ಎಲ್ಲಿ ಹೋದ್ವೋ ಏನೋ ರೀ!" ಎಂದು ತಾನೂ ಮಂಚದ ಕೆಳಗೆ ತೂರಿ ಹುಡುಕಿದ್ದ!

ಅಪ್ಪ ತೀರಿಕೊಂಡು ವರ್ಷ ತುಂಬಿದ ದಿನವೇ ಕಾಕಾ ಇಸ್ರೇಲಿಗೆ ಹೊರಟಿದ್ದ. ಮಗ ಅಲ್ಲಿದ್ದ, ಮುಂಬಯಿಯಲ್ಲಿ ಹಡಗು ಕಾಯುತ್ತಿತ್ತು.

"ಚೀಲ ಖಾಲಿ ಆಗೈತ್ರಿ ವೈನಿ, ಚಿಂತಿ ಬಿಡ್ರಿ," ಎಂದು ಅವ್ವನಿಗೆ ಹೇಳಿ ಬೆಳಿಗ್ಗೆ ಬಸ್ಸು ಹತ್ತಿದ.

ಸಂಜೆ ಮಂದಿ ಕೂಡಿತು. ಟೊಪ್ಪಿಗೆ ಮಾತ್ರ ಒಂಬತ್ತು! ನನ್ನ ತಮ್ಮ ಪ್ರಾರ್ಥನೆಯ ಪುಸ್ತಕ ತೆರೆದು ನಿಂತಿದ್ದ. ಹೊತ್ತು ಮುಳುಗಿದರೆ ಅಪ್ಪನ ದಿನ ಮುಗಿಯಿತು. ಬಿಸಿಲು ಗೋಡೆ ಹತ್ತಿ ಹಂಚಿಗೆ ಹೋಯಿತು. ಅವ್ವ ಬಾಗಿಲು ಬಿಟ್ಟು ಅಲುಗಲಿಲ್ಲ. ಹತ್ತೂ ಎಣಿಸಲು ಬರದ ಈ ಮನುಷ್ಯನನ್ನು ನಂಬಿದೆವಲ್ಲ ಎಂದು ನಾನು ಬಾಯಿಗೆ ಬಂದಂತೆ ಬೈದೆ.

"ಇನ್ನ ಆಗೂದಿಲ್ಲ ಯವ್ವಾ," ಎಂದರು ಹುಕ್ಕೇರಿಯ ಹಿರಿಯರು.

ಅಷ್ಟರಲ್ಲಿ ಬೆಲ್ಲದ ಲಾರಿಯೊಂದು ನಿಂತಿತು. ಇಳಿದವನು ಕಾಕಾ! ಅಂಗಿಗೆಲ್ಲ ಬೆಲ್ಲ ಮೆತ್ತಿತ್ತು.

"ಬಸ್ಸು ಕಣಗಲಾ ಊರಿಗಿ ಬಂದಾಗ ಬಿಸಲಂತ ತಲಿ ಮುಟ್ಟಿಕೊಂಡೆ ನೋಡ್ರಿ. ಹತ್ತನೇದು ನನ್ನ ತಲಿ ಮ್ಯಾಲ ಐತಿ!"

"ಹಡಗಿನ ಗತಿ ಏನ್ರಿ?" ಎಂದಳು ಅವ್ವ.

"ಹಡಗಿನಾಗ ಮಂದಿ ರಗಡ ಅದಾರ್ರಿ. ಮೊದಲ ಪ್ರಾರ್ಥನಾ ಆಗ್ಲಿ."

ತಮ್ಮ ಪ್ರಾರ್ಥನೆ ಹೇಳಿದ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವನು ಕಾಕಾ. ಬೈದ ಬಾಯಿಗೆ ಸೆರಗು ಒತ್ತಿಕೊಂಡು ನಾನು ಅತ್ತೆ.

ಮಗ ಮತ್ತೆ ಮತ್ತೆ ಕರೆದ. ಓದು ಬರಹ ಬಾರದ ಕಾಕಾ ಉತ್ತರವನ್ನು ನನ್ನಿಂದಲೇ ಬರೆಸಿದ: "ನಾ ಬಂದ್ರ ಇಲ್ಲಿ ಒಂದು ಟೊಪ್ಪಿಗಿ ಉಳಿತೈತಪಾ. ನೀ ಬಂದು ಹಾಕ್ಕೋ, ಆಮ್ಯಾಲ ನಾ ಹೊಂಡ್ತೇನಿ."

ಮಗ ಬರಲಿಲ್ಲ. ಕಾಕಾ ಹೋಗಲಿಲ್ಲ.