ಟಾಮಿಯ ಕುಲಗೋತ್ರ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂದು ನಮ್ಮ ಹಿರಿಯರು ಧಾರಾಳವಾಗಿ ಅಪ್ಪಣೆ ಕೊಟ್ಟಿದ್ದಾರೆ. ನಾನು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ನಾಯಿಯ ಮದುವೆಗೆ. ಆದರೂ ಸಿಕ್ಕಿಬಿದ್ದೆ. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನೂ ಹೇಳಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಆದರೆ ಅಷ್ಟು ಸುಳ್ಳು ಹೊಂದಿಸುವ ತಾಕತ್ತಿದ್ದಿದ್ದರೆ ನಾನು ಗುಮಾಸ್ತನಾಗಿ ಏಕಿರುತ್ತಿದ್ದೆ, ಸಾಹುಕಾರನೇ ಆಗಿರುತ್ತಿದ್ದೆ.

ಅದು ಯುದ್ಧದ ಕಾಲ. ಹೊಳೆನರಸೀಪುರದ ಒಂದು ತೆಂಗಿನಕಾಯಿ ಮಂಡಿಯಲ್ಲಿ ನನಗೆ ಕೆಲಸ. ನಮ್ಮ ಸಾಹುಕಾರರು ಹಾಸನದಲ್ಲೊಂದು, ಅರಕಲಗೂಡಿನಲ್ಲೊಂದು ಹೊಸ ಅಂಗಡಿ ತೆರೆಯುವವರಿದ್ದರು. ನನ್ನನ್ನು ಯಾವ ಊರಿಗೆ ಕಳಿಸುತ್ತಾರೆ ಎಂಬುದೇ ನಮ್ಮ ಮನೆಯ ಮಹಾಯುದ್ಧ. ಹಾಸನವೆಂದರೆ ರೈಲು, ಹೈಸ್ಕೂಲು, ಮೇಲಾಗಿ ನನ್ನ ಹೆಂಡತಿಯ ತವರು ಚನ್ನರಾಯಪಟ್ಟಣಕ್ಕೆ ನೇರ ಬಸ್ಸು. ಅರಕಲಗೂಡು ಎಂದರೆ, ಆ ಊರಿನವರು ಕ್ಷಮಿಸಬೇಕು, ಅರಕಲಗೂಡು.

ಈ ಸಾಹುಕಾರರ ಮನೆಯಲ್ಲಿ ಲೇಡಿ ಎಂಬ ಹೆಣ್ಣು ನಾಯಿಯಿತ್ತು. ಸಕಲೇಶಪುರದ ಕಾಫಿ ತೋಟದ ಬಿಳಿಯ ದೊರೆಯೊಬ್ಬ ಊಟಿಗೆ ಹೋಗಿ ನೆಲೆಸುವಾಗ ಇವರಿಗೆ ಕೊಟ್ಟುಹೋದದ್ದು. ತಮ್ಮ ವಂಶದಲ್ಲಿ ಅಜ್ಜನಿಂದಾಚೆ ಒಂದು ಹೆಸರೂ ಗೊತ್ತಿಲ್ಲದ ಸಾಹುಕಾರರು ಲೇಡಿಯ ಏಳು ತಲೆಮಾರನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಅದಕ್ಕೆ ಗಂಡು ಹುಡುಕುವ ಕೆಲಸ ಆರು ತಿಂಗಳಿಂದ ನಡೆದಿತ್ತು. "ಕಂಡ್‌ಕಂಡ ಬೀದಿ ನಾಯಿಗೆ ಕೊಡಕ್ಕಾಯ್ತದೇನಯ್ಯಾ? ಕುಲ ಅಂತ ಒಂದು ಬ್ಯಾಡ್ವಾ?" ಎಂದು ಒಂದು ದಿನ ನನ್ನೆದುರು ನಿಟ್ಟುಸಿರಿಟ್ಟರು. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು. ನಮ್ಮ ಮನೆಯ ನಾಯಿಯ ಅಪ್ಪ ಅಪ್ಪಟ ಇಂಗ್ಲಿಷಿನವನು ಎಂದುಬಿಟ್ಟೆ.

ನಿಜವೆಂದರೆ ಅದು ಹಳೇಕೋಟೆಯ ಸಿದ್ದೇಗೌಡರ ಗಾಡಿಯಲ್ಲಿ ತೆಂಗಿನಕಾಯಿಗಳ ನಡುವೆ ಕೂತು ಬಂದ ಮರಿ. ಗೌಡರು ನಮ್ಮ ಮಂಡಿಗೆ ಕಾಯಿ ಹಾಕುವವರು. ಪ್ರೀತಿಯಿಂದ ನನ್ನ ಹೆಂಡತಿಗೆ ತಂದುಕೊಟ್ಟಿದ್ದರು. ಮೈ ಕೆಂಚು, ಹೆಸರೂ ಕೆಂಚ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಆ ಜೋಲುಕಿವಿಯೇ ನನ್ನ ಇಡೀ ಕತೆಗೆ ಆಧಾರ. ಎರಡು ವರ್ಷದ ಹಿಂದೆ ಯುಗಾದಿಯಲ್ಲಿ ಯಾವನೋ ದೊರೆಯ ಕಾರು ಹಳೇಕೋಟೆಯ ಹತ್ತಿರ ಕೆಟ್ಟು ನಿಂತಿತ್ತು. ಅದರೊಳಗೆ ಒಂದು ಜೋಲುಕಿವಿಯ ನಾಯಿ ಇದ್ದದ್ದನ್ನು ತಾಲ್ಲೂಕೇ ನೋಡಿತ್ತು. ಎರಡನ್ನೂ ಜೋಡಿಸಿ ಸಾಹುಕಾರರಿಗೆ ಬಡಿಸಿದೆ.

ಹೆಂಡತಿ ಕೇಳಿ ಹಣೆ ಚಚ್ಚಿಕೊಂಡಳು. "ಅಲ್ರೀ, ಕಾರು ಕೆಟ್ಟಿದ್ದು ಯುಗಾದೀಲಿ. ಮರಿ ಹುಟ್ಟಿದ್ದು ದೀಪಾವಳೀಲಿ. ನಾಯಿ ಎರಡು ತಿಂಗ್ಳಿಗೆ ಮರಿ ಹಾಕ್ತದೆ. ನಡುವೆ ಐದು ತಿಂಗ್ಳು ಆ ಇಂಗ್ಲಿಷ್ ಅಪ್ಪ ಎಲ್ಲಿ ಬಚ್ಚಿಟ್ಕೊಂಡಿದ್ನಂತೆ?"

"ಲೆಕ್ಕ ಬಿಡೇ. ಈ ಸಂಬಂಧ ಕುದುರಿದರೆ ನಾನೂ ಸಾಹುಕಾರರೂ ಬೀಗರು. ಬೀಗರನ್ನ ಯಾರಾದರೂ ಅರಕಲಗೂಡಿಗೆ ಅಟ್ತಾರೇನೇ?" ಎಂದೆ. ಚನ್ನರಾಯಪಟ್ಟಣದ ಬಸ್ಸು ಕಣ್ಣ ಮುಂದೆ ಹಾದಿರಬೇಕು, ಕೆಂಚನನ್ನು ಮೀಯಿಸಲು ನೀರು ಕಾಯಲಿಟ್ಟಳು.

ಜಾತಿ ನಾಯಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯಬಾರದು ಎಂಬುದು ಆಗಿನ ದೊಡ್ಡವರ ನಂಬಿಕೆ. ಬ್ರಿಟಿಷ್ ಚಕ್ರವರ್ತಿಗಳ ಹೆಸರನ್ನೇ ಇಟ್ಟುಬಿಡೋಣವೆಂದಿದ್ದೆ. ಪೊಲೀಸರ ನೆನಪಾಗಿ ಟಾಮಿ ಎಂದು ಕರೆದು ಪಾಠ ಶುರುಮಾಡಿದೆ. "ಸಿಟ್" ಎಂದರೆ ಬಾಲ ಅಲ್ಲಾಡಿಸುತ್ತಿತ್ತು. "ಕಮ್" ಎಂದರೆ, ನಾನು ಬೇರೆ ಯಾರನ್ನೋ ಕರೆಯುತ್ತಿದ್ದೇನೆಂದು ಹಿಂದೆ ತಿರುಗಿ ನೋಡುತ್ತಿತ್ತು. ನಾನು ಲೋಯರ್ ಸೆಕೆಂಡರಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದವನು, ಶಿಷ್ಯನನ್ನು ಬೈದು ಏನು ಫಲ? ಹೆಂಡತಿ ಅಡಿಗೆಮನೆಯಿಂದ "ಸುಮ್ನೆ ಕೂತ್ಕೋ" ಎಂದು ಗದರಿದರೆ ಮಾತ್ರ ತಟ್ಟನೆ ಕೂರುತ್ತಿತ್ತು. ಅಭ್ಯಾಸಬಲದಿಂದ ನಾನೂ ಕೂರುತ್ತಿದ್ದೆ.

ಅಷ್ಟರಲ್ಲಿ ಸಾಹುಕಾರರು ಗಂಡಿನ ಫೋಟೋ ಬೇಕೆಂದರು. ಊಟಿಯ ದೊರೆಗೆ ಕಳಿಸಿ ಒಪ್ಪಿಗೆ ಪಡೆಯಬೇಕಂತೆ. ಎಷ್ಟಾದರೂ ಹೆಣ್ಣಿನ ಕಡೆಯ ಹಿರಿಯರಲ್ಲವೇ! ಹಾಸನದಿಂದ ಫೋಟೋದವನು ಮೂರು ಕಾಲಿನ ಪೆಟ್ಟಿಗೆ ಹೊತ್ತು ಬಂದ. ಮಂಡಿಗೆ ಅಂಟಿಕೊಂಡೇ ಇದ್ದ ಸಾಹುಕಾರರ ಮನೆಯಂಗಳದಲ್ಲಿ, ಅವರ ಕಣ್ಣೆದುರೇ, ಫೋಟೋ ತೆಗೆಯುವುದೆಂದಾಯಿತು. ಲೇಡಿಯನ್ನು ಹಿತ್ತಲಲ್ಲಿ ಕಟ್ಟಿದ್ದರು, ಹುಡುಗಿ ಗಂಡನ್ನು ಮುಂಚೆಯೇ ನೋಡಬಾರದೆಂದು. ನಾನು ಎರವಲು ಕೋಟು ತೊಟ್ಟು ಟಾಮಿಯ ಪಕ್ಕ ನಿಂತೆ. "ಫೋಟೋ ಇಳಿಯೋ ಗಾಜಿನ ಪ್ಲೇಟು ಇರೋದೊಂದೇ ಸಾ. ಮೂರು ಎಣಿಸಗಂಟ ಅಲ್ಲಾಡಬ್ಯಾಡಿ" ಎಂದ ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದ. ನಾನು "ಸಿಟ್" ಎಂದೆ. ಟಾಮಿ ಕುಣಿಯಿತು. "ಸಿಟ್, ಸಿಟ್" ಎಂದು ಬೇಡಿಕೊಂಡೆ. ನನ್ನ ಕಾಲಿನ ಸುತ್ತ ಪ್ರದಕ್ಷಿಣೆ ಹಾಕಿತು.

ಆಗ ಕಾಯಿ ಗಾಡಿ ಹೊಡೆದುಕೊಂಡು ಸಿದ್ದೇಗೌಡರು ಬಂದರು. "ಏನ್ಲಾ ಕೆಂಚ, ಅಂಗ್ಯಾಕ್ಲಾ ಕುಣೀತೀಯಾ? ಕುಂತ್ಕಳ್ಲಾ!" ಎಂದರು.

ಟಾಮಿ ಕೂತಿತು. ಕೊರವಂಗಲದ ದೇವಸ್ಥಾನದ ಕಲ್ಲಿನ ಆನೆ ಕೂಡ ಅಷ್ಟು ನಿಶ್ಚಲವಾಗಿರಲಾರದು. ಫೋಟೋದವನು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು "ಒಂದು" ಎಂದ.

"ನೋಡಿ ಸಾವ್ಕಾರ್ರೇ," ಎಂದರು ಗೌಡರು, "ನಮ್ ತ್ವಾಟ ಕಾಯ್ತಾನಲ್ಲ ಬೊಡ್ಡ, ಅವನ್ ಮಗ ಕಣ ಇವ್ನು."

"ಎರಡು."

"ಅಪ್ಪನ್ ಮಖಾನೇ ಇಟ್ಕೊಂಡವ್ನೆ. ನಾನೇ ತಂದ್ಕೊಟ್ಟಿದ್ದು."

ನಾನು ಗೌಡರ ಬಾಯಿ ಮುಚ್ಚಿಸಲು ತಿರುಗಿದೆ. "ಮೂರು" ಎಂದ ಫೋಟೋದವನು.

ಆಮೇಲೆ ಸಾಹುಕಾರರು ಅರ್ಧ ಗಂಟೆ ಉಸಿರು ತೆಗೆದುಕೊಳ್ಳದೆ ಬೈದರು. "ತ್ವಾಟದ ನಾಯೀನ ನನ್ ಮನೆ ಅಳಿಯನ್ ಮಾಡಕ್ ಒಂಟಿದ್ಯೇನಯ್ಯಾ?" ಎಂಬುದು ಅದರಲ್ಲಿ ಬರೆಯಬಹುದಾದ ಒಂದೇ ಮಾತು. ಗಾಡಿಯವರು, ಹಮಾಲರು, ಮನೆಯ ಹೆಂಗಸರು, ಎಲ್ಲರೂ ಕೆಲಸ ಬಿಟ್ಟು ನೋಡಲು ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಗಲಾಟೆಯಲ್ಲಿ ಟಾಮಿ ಎಲ್ಲಿ ಹೋಯಿತೆಂದು ನೋಡುವವರು ಯಾರೂ ಇರಲಿಲ್ಲ. ಮುಂದಿನ ಸೋಮವಾರ ನಾವು ಅರಕಲಗೂಡಿನಲ್ಲಿದ್ದೆವು.

ನಾಲ್ಕು ತಿಂಗಳ ಮೇಲೆ ಗೌಡರು ಅಲ್ಲಿಗೂ ಬಂದರು. "ಇಸ್ಯ ಗೊತ್ತಾ ಸಾ? ಲೇಡಿ ನಾಕ್ ಮರಿ ಆಕಿ ಎರ್ಡ್ ತಿಂಗ್ಳಾಯ್ತು. ನಾಕ್ಕೂ ಒಂದ್ ಕಿವಿ ನೆಟ್ಟುಗೆ, ಒಂದ್ ಜೋಲು! ಅವ್ರಪ್ಪ ಬೆಂಗ್ಳೂರು ದೊರೆ ಬಂಗ್ಲೆಯೋನು, ಕಾರಲ್ ಬಂದು ಕಾರಲ್ಲೇ ಓದ ಅಂತ ಸಾವ್ಕಾರ್ರು ಊರೆಲ್ಲ ಏಳ್ತಾವ್ರೆ." ಹೆಂಡತಿ ಬೆರಳು ಮಡಿಸಿ ಎಣಿಸಿ, "ಫೋಟೋ ತೆಗೆಸಿದ ದಿನಕ್ಕೆ ಸರಿಹೋಯ್ತು" ಎಂದಳು. ಅಂತೂ ನಾನು ಸಾಹುಕಾರರ ಬೀಗನಾಗಿದ್ದೆ, ಅರಕಲಗೂಡಿನಲ್ಲಿ ಕೂತು. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಅದೇ ಕಾರಿನ ಸುಳ್ಳನ್ನು ನಾನು ಹೇಳಿದರೆ ಯಾರೂ ಉಳಿಸಿಕೊಡಲಿಲ್ಲ, ಅವರು ಹೇಳಿದರೆ ಊರೇ ತಲೆಯಾಡಿಸಿತು.

ಸಾಹುಕಾರರು ಬೇಡವೆಂದು ನನಗೇ ಎಸೆದ ಆ ಫೋಟೋ ಇನ್ನೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಟಾಮಿಯ ಮೀಸೆಯ ಕೂದಲನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಪಕ್ಕದಲ್ಲಿ ಕೋಟು ಹಾಕಿಕೊಂಡ ಹೊಗೆಯಂಥದೇನೋ ಇದೆ, ಎರಡು ಮೂಗು. ಮೊನ್ನೆ ಬಂದ ವ್ಯಾಪಾರಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, "ಎಂಥಾ ಜಾತಿ ನಾಯಿ ಸಾ! ನೋಡಿದ್ರೇ ಗೊತ್ತಾಯ್ತದೆ. ಪಕ್ಕದಲ್ ನಿಂತಿರೋದು ಯಾವ್ದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ಉತ್ತರ ಬಂತು. "ಅದರ ಕುಲ ಏನೋ ತಿಳೀದು. ಕೂತ್ಕೋ ಅಂದ್ರೆ ಕೂತ್ಕೊಳ್ತದೆ."