ಅಮೃತಪ್ಪ ಕಲ್ಲು ಕುದಿಸಿದ್ದು

“ಕಲ್ಲಿಗಿ ಯಾರರೆ ರೊಕ್ಕ ಕೊಡ್ತಾರೇನು? ನಮ್ಮ ಹೊಲದಾಗ ಬೆಳಿ ಬರ್ಲಿ ಬಿಡ್ಲಿ, ಕಲ್ಲು ಮಾತ್ರ ವರ್ಷಕ್ಕ ಮೂರು ಬೆಳಿ ಬರ್ತಾವ. ಮೀನಿನ ಪೆಟಗ್ಯಾಗ ಇಡೂ ಕಲ್ಲು ನಾನೇ ತಯಾರ ಮಾಡ್ತೀನಿ. ಉಮರ್ಗಾದ ಮಂದಿ ಗಾಡಿ ಮಾಡ್ಕೊಂಡು ನೋಡ್ಲಾಕ ಬರಬೇಕು, ಹಂಗ ಮಾಡ್ತೀನಿ.”

ಮರಾಠಿ ಸೀಮೆಯ ಸಾಸ್ತೂರಿನ ಅಮೃತಪ್ಪ ಎದೆ ತಟ್ಟಿಕೊಂಡು ಹೀಗೆ ಸಾರಿದ್ದು ಒಂದು ಶನಿವಾರ. ಎದುರಿಗಿದ್ದ ಸಭೆ ಎಂದರೆ ಅವನ ಹೆಂಡತಿ ಉಜ್ವಲಾ ಒಬ್ಬಳೇ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, “ಮಾಡ್ರಿ. ಹೋದ ವರ್ಷ ನಲ್ಲಿ ರಿಪೇರಿ ಮಾಡಿದ್ರಿ, ಅದು ಇನ್ನಾ ಅಳ್ಲಾಕತ್ತದ,” ಎಂದಳು.

ಅಮೃತಪ್ಪನಿಗೆ ಮೀನಿನ ಹುಚ್ಚೇನೂ ಇರಲಿಲ್ಲ. ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ನಾಲ್ಕು ಕಾಲಿಲ್ಲದ್ದನ್ನು ಪ್ರಾಣಿ ಎಂದು ಒಪ್ಪುವುದೇ ಅವರಿಗೆ ಕಷ್ಟ. ಮೀನು ಬೇಕಾಗಿದ್ದು ಅವ್ವನ ಸಲುವಾಗಿ.

ಅವನ ತಾಯಿ ಚಂದ್ರಭಾಗಾ ಊರನ್ನೇ ಕೆಡವಿದ ಭೂಕಂಪದ ದಿನದಿಂದ, ಅಂದರೆ ಮೂವತ್ತು ವರ್ಷಕ್ಕೂ ಮೇಲಾಯಿತು, ನಾಲ್ಕು ಗೋಡೆಗಳ ನಡುವೆ ರಾತ್ರಿ ಕಳೆದವಳಲ್ಲ. ಆ ಬೆಳಗಿನ ಜಾವ ನಾಲ್ಕು ವರ್ಷದ ಅಮೃತಪ್ಪನನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಓಡಿದ್ದಳು. ಏಳು ವರ್ಷದ ಮಗಳು ಸುಮನ ಬೆನ್ನ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಿದ್ದಳು. ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ಇನ್ನೊಮ್ಮೆ ನೋಡುವಷ್ಟರಲ್ಲಿ ಮನೆಯೂ ಇರಲಿಲ್ಲ.

ಆಮೇಲೆ ಹೊಸ ಊರು ಎದ್ದಿತು, ಹೊಸ ಮನೆಯೂ ಸಿಕ್ಕಿತು. ಚಂದ್ರಭಾಗಾ ಹಗಲೆಲ್ಲ ಆ ಮನೆಯಲ್ಲಿ ಓಡಾಡುತ್ತಾಳೆ, ದೇವರ ಮೂಲೆಯ ಬೀರಪ್ಪನಿಗೆ ಭಂಡಾರ ಹಚ್ಚುತ್ತಾಳೆ, ಮೊಮ್ಮಗಳು ಪೂನಮಳ ಜಡೆ ಹೆಣೆಯುತ್ತಾಳೆ. ದೀಪ ಹಚ್ಚಿದ್ದೇ ತಡ, ಕೌದಿ ಹೊತ್ತು ಹೊರಗೆ. ಅಡುಗೆಮನೆಯ ಗೋಡೆಗೆ ಆನಿಸಿ ಹಾಕಿದ ತಗಡಿನ ಕೆಳಗೆ ಅವಳ ಹೊರಸು. ಚಳಿ ಇರಲಿ, ಮಳೆ ಇರಲಿ, ಅಲ್ಲೇ.

ಹೋದ ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಹನ್ನೊಂದು ದಿನ ದವಾಖಾನೆಯಲ್ಲಿದ್ದಳು. ಇನ್ನೊಂದು ಚಳಿಗಾಲ ಹೊರಗೆ ಮಲಗಿದರೆ ಈ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಅಮೃತಪ್ಪ ಬೇಡಿದ, ಬೈದ, ಬೀರಪ್ಪನ ಆಣೆ ಹಾಕಿದ. ಯಾವುದೂ ನಡೆಯಲಿಲ್ಲ. ಕಡೆಗೆ ಅವನ ತಲೆಯಲ್ಲಿ ಮೀನು ಹೊಳೆಯಿತು.

“ಅವ್ವಾ, ನೆಲಾ ಅಲಗಿದ್ರ ನೀರಿಗಿ ಮೊದಲು ಗೊತ್ತಾಗ್ತದ. ನೀರಿನಾಗಿನ ಮೀನಿಗಿ ಅದಕ್ಕೂ ಮೊದಲು. ನಿನ್ನ ಹಾಸಗಿ ಬಾಜೂಕ ಮೀನಿನ ಪೆಟಗಿ ಇಡ್ತೀನಿ. ಅವು ರಾತ್ರೆಲ್ಲಾ ಕಣ್ಣ ಮುಚ್ಚಂಗಿಲ್ಲ, ಕಾವಲ ಕಾಯ್ತಾವ.”

ಚಂದ್ರಭಾಗಾ ಮೂರು ದಿನ ಯೋಚಿಸಿದಳು. “ಕಣ್ಣ ಮುಚ್ಚಂಗಿಲ್ಲ ಅಂತೀ, ಖರೇ ಏನು?”

“ರೆಪ್ಪೀನೇ ಇಲ್ಲವ್ವಾ.”

“ಹಂಗಾರ ನನ್ನಂಗೇ ಆಯ್ತು. ತಾ, ನೋಡಾಮ.”

ಇಷ್ಟು ಸಿಕ್ಕಿದ್ದೇ ಅಮೃತಪ್ಪನಿಗೆ ರಾಜ್ಯ ಗೆದ್ದ ಹಾಗಾಯಿತು. ಅದೇ ದಿನ ಉಮರ್ಗಾ ಪೇಟೆಗೆ ಹೋಗಿ ಗಾಜಿನ ಪೆಟ್ಟಿಗೆ ತಂದ. ಮೀನಿನ ಅಂಗಡಿಯವನು, ಮೀನಿಗೆ ಅಡಗಿಕೊಳ್ಳಲು ಕಲ್ಲು ಬೇಕು ಎಂದು ಬಣ್ಣದ ಕಲ್ಲುಗಳ ಚೀಲ ಮುಂದಿಟ್ಟ. ಅಮೃತಪ್ಪ ನಕ್ಕುಬಿಟ್ಟ. ಅಂಗಡಿಯವನು ಬೇಸರಿಸದೆ ವಿಧಾನ ಹೇಳಿಕೊಟ್ಟ: “ಹೊಲದ ಕಲ್ಲಿದ್ರ ತಿಕ್ಕಿ ತೊಳೀರಿ, ಸಾಬಾಣ ಹಚ್ಚಬ್ಯಾಡ್ರಿ. ಮ್ಯಾಲ ಲಿಂಬಿಹಣ್ಣು ಹಿಂಡ್ರಿ. ಬುರುಗು ಬಂದ್ರ ಅದರಾಗ ಸುಣ್ಣ ಅದ, ಮೀನ ಸಾಯ್ತಾವ. ಆಮ್ಯಾಲ ಛಂದಾಗಿ ಕುದಸ್ರಿ.”

“ಎಷ್ಟೊತ್ತು?”

“ಅನ್ನಕಿಂತ ಜರಾ ಹೆಚ್ಚು.”

ಭಾನುವಾರ ಬೆಳಿಗ್ಗೆ ಹಳ್ಳದ ದಂಡೆಯಿಂದ ಒಂದು ಚೀಲ ಕರಿಕಲ್ಲು ಬಂದಿಳಿದವು. ಉಜ್ವಲಾಳ ಪಾತ್ರೆ ತಿಕ್ಕುವ ನಾರು ಸವೆದು ಹೋಯಿತು. ಉಪ್ಪಿನಕಾಯಿಗೆಂದು ತೆಗೆದಿಟ್ಟಿದ್ದ ಲಿಂಬೆಹಣ್ಣುಗಳು ಒಂದೊಂದಾಗಿ ಕಲ್ಲಿನ ತಲೆಯ ಮೇಲೆ ಪ್ರಾಣ ಬಿಟ್ಟವು. ಆರು ವರ್ಷದ ಪೂನಮ ಕುಕ್ಕರಗಾಲಲ್ಲಿ ಕೂತು ಕೇಳಿದಳು, “ಅಪ್ಪಾ, ಕಲ್ಲಿನ ಉಪ್ಪಿನಕಾಯಿ ಹಾಕ್ತೀ ಏನು?”

“ಹಾಕ್ಲಿ ಬಿಡು,” ಎಂದಳು ಉಜ್ವಲಾ. “ನಾಳಿ ಅವರ ಬುತ್ತಿಗಿ ಅದೇ ಕಟ್ಟತೀನಿ.”

ಊಟವಾದ ಮೇಲೆ, ಬೀಗರು ಬಂದರೆ ಮಾತ್ರ ಕೆಳಗಿಳಿಯುವ ದೊಡ್ಡ ಅಲ್ಯುಮಿನಿಯಂ ಡಬರಿ ಗ್ಯಾಸಿನ ಮೇಲೇರಿತು. ಆಯ್ದ ಇಪ್ಪತ್ತೊಂದು ಕಲ್ಲು, ಮೇಲೆ ನೀರು, ಅದರ ಮೇಲೆ ಮುಚ್ಚಳವಾಗಿ ಸ್ಟೀಲಿನ ಪರಾತ. ಉಜ್ವಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಚಂದ್ರಭಾಗಾ ತಗಡಿನ ಕೆಳಗೆ ಅಡ್ಡಾಗಿದ್ದಳು. ಪೂನಮ ನಡುಮನೆಯ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಕಾಲ ಬಳಿ ಕೂತು ಅಮೃತಪ್ಪ ಗಾಜಿನ ಪೆಟ್ಟಿಗೆಗೆ ನೀರು ತುಂಬುತ್ತಿದ್ದ.

ಕಲ್ಲುಗಳು ಮೊದಲು ಮೆಲ್ಲಗೆ ಗುನುಗಿದವು. ಆಮೇಲೆ ಕುಣಿಯಲು ಹತ್ತಿದವು. ಪರಾತ ತಾಳ ಹಾಕಿತು; ಗೋಡೆಗೆ ಬಡಿದಿದ್ದ ಪಾತ್ರೆಗಳ ಮಾಂಡಣಿಯ ತಾಟು, ಗಿಲಾಸು, ಸೌಟುಗಳೆಲ್ಲ ಭಜನೆಗೆ ಕೂಡಿಕೊಂಡವು. ಅದೇ ಗೋಡೆಗೆ ಮೊಳೆ ಹೊಡೆದ ಹೊರಗಿನ ತಗಡು ಗುಡುಗುಡು ಎಂದು ಗುಡುಗಿತು. ಒಳಗೆ ನೀರು ಹಿಡಿದಿದ್ದ ಒಂದು ಕಲ್ಲು ಕಾಯ್ದು ಢಂ ಎಂದು ಸಿಡಿಯಿತು.

ಬೇರೆ ಊರಾಗಿದ್ದರೆ ಏನದು ಎಂದು ಕೇಳುತ್ತಿದ್ದರು. ಈ ಊರಿನಲ್ಲಿ ಆ ಸದ್ದಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. “ಪಳಾ, ಪಳಾ!” ಓಡಿ, ಓಡಿ ಎಂದು ಯಾರೋ ಮರಾಠಿಯಲ್ಲಿ ಕೂಗಿದ್ದೇ ಸಾಕು, ಇಡೀ ಓಣಿ ಹೊರಗೆ ಬಂತು. ಪಕ್ಕದ ಮನೆಯ ಜಗದೇವಪ್ಪ ಅರ್ಧ ಗಡ್ಡ ಹೆರೆದುಕೊಂಡು, ಅರ್ಧ ಬುರುಗಿನಲ್ಲಿ ಓಡಿ ಬಂದ. ಭೂಕಂಪವಾದ ಮೇಲೆ ಹುಟ್ಟಿದವರೇ ಎಲ್ಲರಿಗಿಂತ ಜೋರಾಗಿ ಓಡಿದರು. ಅದರ ಕತೆಯನ್ನು ಹಾಲಿನ ಜೊತೆ ಕುಡಿದವರು.

ಅಮೃತಪ್ಪ? ಅವನು ಗಾಜಿನ ಪೆಟ್ಟಿಗೆ ನೋಡಿದ. ನೀರು ಉಂಗುರ ಉಂಗುರವಾಗಿ ನಡುಗುತ್ತಿತ್ತು. ನೀರಿಗೆ ಮೊದಲು ಗೊತ್ತಾಗುತ್ತದೆ! ಕಲ್ಲು ಇಟ್ಟವನು ಯಾರು, ಗ್ಯಾಸು ಹಚ್ಚಿದವನು ಯಾರು, ಒಂದೂ ನೆನಪಾಗಲಿಲ್ಲ. ಉಸಿರು ತೆಗೆಯುವಷ್ಟರಲ್ಲಿ ಅವನು ಓಣಿಯ ನಟ್ಟನಡುವೆ ಇದ್ದ.

ಹಿತ್ತಲಿನಿಂದ ಸುತ್ತಿ ಬಂದ ಉಜ್ವಲಾ ಒದ್ದೆ ಕೈಯಲ್ಲಿ ಅವನ ಅಂಗಿ ಹಿಡಿದಳು. “ಪೂನಮ ಎಲ್ಲಿ?”

ಓಡುವಾಗ ಕಾಲಿಗೆ ಏನೋ ಮೆತ್ತಗಿನದು ತಾಗಿತ್ತು, ಅದನ್ನು ಜಿಗಿದು ದಾಟಿದ್ದೆ ಎಂಬುದು ಅಮೃತಪ್ಪನಿಗೆ ಆಗ ನೆನಪಾಯಿತು. ತಗಡಿನ ಕೆಳಗೆ ಹೊರಸು ಖಾಲಿ ಇತ್ತು.

ಆಗ ಬಾಗಿಲಲ್ಲಿ ಚಂದ್ರಭಾಗಾ ಕಾಣಿಸಿಕೊಂಡಳು. ಎದೆಗೆ ಅವುಚಿಕೊಂಡ ಕೌದಿಯೊಳಗೆ ಪೂನಮ. ಇಡೀ ಓಣಿ ಹೊರಗೆ ಓಡಿ ಬಂದಾಗ ಅವಳೊಬ್ಬಳೇ ಒಳಗೆ ಓಡಿದ್ದಳು.

ಗುಡುಗುಡು ಇನ್ನೂ ನಿಂತಿರಲಿಲ್ಲ. ಜಗದೇವಪ್ಪ ಬಗ್ಗಿ ನೆಲಕ್ಕೆ ಅಂಗೈ ಹಚ್ಚಿದ. “ನೆಲಾ ಸುಮ್ಮನದ ನೋಡು. ನಿಮ್ಮ ಮನಿ ಒಂದೇ ಅಲಗಲಾಕತ್ತದ.”

ಉಜ್ವಲಾ ಒಳಗೆ ಹೋದಳು. ಸದ್ದು ನಿಂತಿತು. ಅರಿವೆಯಲ್ಲಿ ಹಿಡಿದು ಡಬರಿ ತಂದು ಓಣಿಯಲ್ಲಿ ಇಳಿಸಿದಳು. “ನೋಡ್ರೆಪ್ಪಾ ಭೂಕಂಪ. ಇನ್ನಾ ಬೆಂದಿಲ್ಲ.”

ಓಣಿ ನಕ್ಕಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕಿತು; ಕೆಲವರ ನಗು ನಿಂತರೂ ನೀರು ನಿಲ್ಲಲಿಲ್ಲ. ಜಗದೇವಪ್ಪ ಡಬರಿಯೊಳಗೆ ಇಣುಕಿ, “ಉಪ್ಪು ಹಾಕೀದಿ ಇಲ್ಲ, ಅಮೃತಾ?” ಎಂದ. ಮತ್ತೆ ಕೆನ್ನೆಯ ಬುರುಗು ಒರೆಸಿಕೊಳ್ಳುತ್ತ, “ಒಲಿ ಹಚ್ಚಿದಾಂವ ನೀನೇ, ಎಲ್ಲಾರಕಿಂತ ಮೊದಲ ಓಡಿ ಬಂದಾಂವ ನೀನೇ,” ಎಂದ.

ಅಮೃತಪ್ಪ ನಗಲು ನೋಡಿದ. ಆಗಲಿಲ್ಲ. ಚಂದ್ರಭಾಗಾ ನಗಲೂ ಇಲ್ಲ, ಕೂಸನ್ನು ಇಳಿಸಲೂ ಇಲ್ಲ. ಎಚ್ಚೆತ್ತ ಪೂನಮ ಕಲ್ಲು ನೋಡಬೇಕೆಂದು ಕೊಸರಾಡುತ್ತಿದ್ದಳು.

“ಇಳಸ್ರಿ ಅತ್ತಿ, ನಿಮಗ ದಮ್ಮು ಹತ್ತೇದ.”

“ಇರ್ಲಿ. ಇನ್ನಾ ಜರಾ ಇರ್ಲಿ.”

ದೀಪ ಹಚ್ಚುವ ಹೊತ್ತಿಗೆ ಅಮೃತಪ್ಪ ಹೆದರುತ್ತ ತಾಯಿಯ ಬಳಿ ಬಂದ. “ಮೀನ ಬ್ಯಾಡ ಬಿಡು ಅವ್ವಾ. ನೀ ಹೊರಗೇ ಮಲಗು. ನಾ ಇನ್ನ ಒತ್ತಾಯ ಮಾಡಂಗಿಲ್ಲ.”

ಚಂದ್ರಭಾಗಾ ಹೊರಸಿನ ಮೇಲಿನ ಕೌದಿ ಮಡಚುತ್ತಿದ್ದಳು. ಅದನ್ನು ಒಳಗೆ ಒಯ್ದು ಪೂನಮಳ ಹಾಸಿಗೆಯ ಪಕ್ಕ ಹಾಸಿದಳು. ಅಮೃತಪ್ಪನ ಎದೆ ಒಂದು ಕ್ಷಣ ಹಿಗ್ಗಿತು. ಅಷ್ಟರಲ್ಲಿ ಅವಳು ಅವನ ಕೌದಿ, ಅವನ ತಲೆದಿಂಬು ಎತ್ತಿ ಅವನ ಕೈಯಲ್ಲೇ ಇಟ್ಟಳು.

“ಇದು ಯಾಕವ್ವಾ?”

“ಹೊರಸು ಖಾಲಿ ಅದ, ಹೋಗು. ನಾ ಅಂಜಿ ಹೊರಗ ಮಲಗ್ತಿದ್ದೆ ಅಂದ್ಕೊಂಡಿದ್ದಿ ಏನು? ಕೂಸಿನ ಬಿಟ್ಟು ಓಡಿದವರ ಜಾಗಾ ಅದು. ಮೂವತ್ತ ವರ್ಷ ನಾ ಮಲಗೀನಿ. ಇನ್ನ ನಿನ್ನ ಪಾಳಿ.”