ಕೌದಿ ಬಿಟ್ಟು ಮರುಭೂಮಿಗೆ

ಕೆಲವರಿಗೆ ದೂರದ ಊರಿನ ದೇವರ ಮೇಲೆ ಭಕ್ತಿ, ಕೆಲವರಿಗೆ ದೂರದ ಊರಿನ ಸಿಹಿತಿಂಡಿಯ ಮೇಲೆ. ನನಗೆ ದೂರದ ಊರಿನ ಹವಾಮಾನದ ಮೇಲೆ. ಬೀದರಿನ ಮೈಲೂರಿನಿಂದ ಭಾಲ್ಕಿಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಭೂಗೋಳದ ಮಾಸ್ತರ ನಾನು. ಕಿಟಕಿಗೆ ತಲೆಯಾನಿಸಿ, ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಯಾವಾಗ ಹೋಗಬೇಕೆಂದು ಫೋನಿನಲ್ಲಿ ಓದುತ್ತಿದ್ದರೆ ಹೊರಗಿನ ತೊಗರಿ ಹೊಲಗಳು ಮೆಲ್ಲಗೆ ಮರಳಾಗುತ್ತಿದ್ದವು. ಏಪ್ರಿಲಿನಿಂದ ಜೂನ್‌ವರೆಗೆ ಬಿಸಿಗಾಳಿ, ಧೂಳು. ಮಳೆಗಾಲ ಹೆಸರಿಗಷ್ಟೇ. ನವೆಂಬರಿನಿಂದ ಫೆಬ್ರುವರಿಯವರೆಗೆ ಉತ್ತಮ, ಆದರೆ ಬೆಳಗಿನ ಜಾವಕ್ಕೆ ಬೆಚ್ಚನೆಯ ಬಟ್ಟೆ ಇರಲಿ. ಈ ಕೊನೆಯ ಮಾತು ಬರುವಷ್ಟರಲ್ಲಿ ನನಗೆ ಜೋಂಪು ಹತ್ತಿ, ಎರಡು ಒಂಟೆಗಳು ಬಸ್ಸಿನ ಪಕ್ಕದಲ್ಲೇ ನಡೆಯುತ್ತಿದ್ದವು. "ಸರ, ಭಾಲ್ಕಿ ಬಂತು, ಇಳೀರಿ" ಎಂದು ಕಂಡಕ್ಟರು ಭುಜ ಅಲುಗಿಸಿದಾಗಲೇ ಅವು ಹೋಗುತ್ತಿದ್ದದ್ದು.

ನಿಜ ಹೇಳಬೇಕೆಂದರೆ ಮರುಭೂಮಿ ನೋಡುವ ಕನಸು ನನ್ನ ಹೆಂಡತಿ ಶಾಂತಾಳದು. ಔರಾದಿನ ಅವಳ ತವರಿನಲ್ಲಿ, ಮರಳುದಿಬ್ಬದ ಮೇಲೆ ಸೂರ್ಯ ಹುಟ್ಟುವ ಚಿತ್ರದ ಕ್ಯಾಲೆಂಡರೊಂದಿತ್ತು. ವರ್ಷ ಮುಗಿದರೂ ಅದನ್ನು ಗೋಡೆಯಿಂದ ತೆಗೆಯಲು ಅವಳು ಬಿಡಲಿಲ್ಲವಂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, "ಒಮ್ಮೆ ತೋರಸ್ರಿ" ಎನ್ನುತ್ತಲೇ ಬಂದಿದ್ದಳು. ಕಡೆಗೆ ಕಳೆದ ಡಿಸೆಂಬರಿನಲ್ಲಿ ಹೊರಟೆವು. ಸಿಕ್ಕ ರಜೆಯಲ್ಲಿ ಅಲ್ಲಿ ನಮ್ಮ ಪಾಲಿಗೆ ಬರುವುದು ಒಂದೇ ಒಂದು ಬೆಳಗು.

ಚೀಲ ತುಂಬುವಾಗ ಅವಳು ತನ್ನವ್ವ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಯನ್ನು ಮಡಿಸಿಟ್ಟಳು. ನಾನು ತೆಗೆದೆ.

"ಅಲ್ಲಿ ಥಂಡಿ ಭಾಳ ಇರ್ತದಂತ್ರಿ."

"ಥಂಡಿ? ಪೇಪರ್ ನೋಡಿಲ್ಲೇನು? ಇಡೀ ರಾಜ್ಯದಾಗ ಕಡಿಮಿ ಉಷ್ಣಾಂಶ ಬೀದರದ್ದು ಅಂತ ಬರ್ತದ. ನಮಗ ಯಾರು ಥಂಡಿ ತೋರಸ್ತಾರ?"

ಬೀದರಿನವರ ದೌರ್ಬಲ್ಯವೇ ಇದು. ಚಳಿಗಾಲದಲ್ಲಿ ಪತ್ರಿಕೆಯವರು ನಮ್ಮ ಊರಿನ ಹೆಸರು ಹಾಕಿದರೆ, ಮನೆಯ ಮಗು ಪರೀಕ್ಷೆಯಲ್ಲಿ ಮೊದಲು ಬಂದಂತೆ ಓದಿ ಓದಿ ಹಿಗ್ಗುತ್ತೇವೆ. ಕೌದಿಯ ಜಾಗದಲ್ಲಿ ನಾನು ಒಂದು ಛತ್ರಿಯನ್ನೂ, ಬಿಸಿಲು ಬಡಿಯದಂತೆ ಜೇಬಿನಲ್ಲಿಟ್ಟುಕೊಳ್ಳಲು ನಾಲ್ಕು ಉಳ್ಳಾಗಡ್ಡಿಯನ್ನೂ ಇಟ್ಟೆ. ಮರುಭೂಮಿಯ ರಾತ್ರಿ ತಣ್ಣಗಿರುತ್ತದೆಂದು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಡುವ ಮನುಷ್ಯ ನಾನೇ.

ಆ ಬೆಳಗು ನಸುಕಿನಲ್ಲೇ ಉದ್ಯಾನದ ಬಾಗಿಲಲ್ಲಿ ತೆರೆದ ಜೀಪು ನಿಂತಿತ್ತು. ಎರಡು ಕಂಬಳಿ ಹೊದ್ದಿದ್ದ ಡ್ರೈವರು, ಬೆಚ್ಚನೆಯದೇನೂ ತಂದಿಲ್ಲವೇ ಎಂದು ಕೇಳಿದ. ನಾವು ಬೀದರಿನವರು ಎಂದೆ. ಅವನು ಆ ಊರಿನ ಹೆಸರೇ ಕೇಳಿರಲಿಲ್ಲ. ಜೀಪು ಒಂದು ಫರ್ಲಾಂಗು ಹೋಗುವುದರೊಳಗೆ ಗಾಳಿ ಮೂಳೆಯನ್ನೇ ಹುಡುಕಿಕೊಂಡು ಬಂತು. ಶಾಂತಾಳ ತುಟಿ ಕಪ್ಪಿಟ್ಟಿತು. ಡ್ರೈವರು ಗಾಡಿ ನಿಲ್ಲಿಸಿ, ತಾಯಿಯವರು ನಡುಗುತ್ತಿದ್ದಾರೆ, ಹಿಂತಿರುಗೋಣವೇ ಎಂದ. ಅವಳು ನನ್ನನ್ನು ನೋಡಿದಳು. ಬೈದದ್ದು ಎಷ್ಟೋ ಸಲ ಉಂಟು, ಹಾಗೆ ನೋಡಿದ್ದಿಲ್ಲ. ನನಗೆ ಅಳುವೇ ಬಂತು. ಡ್ರೈವರನ ಕೈಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿ ಅವನ ಒಂದು ಕಂಬಳಿ ಇಸಿದುಕೊಂಡು ಪೂರ್ತಿ ಅವಳಿಗೇ ಹೊದಿಸಿದೆ.

"ಮತ್ತ ನಿಮಗ್ರಿ?"

"ನಂಗೇನು ಆಗ್ತದ?" ಎಂದೆ. ಹಲ್ಲುಗಳು ಅದನ್ನು ನಾಲ್ಕು ತುಂಡು ಮಾಡಿ ಹೇಳಿದವು. ಆಮೇಲೆ ಚೀಲದಿಂದ ಅವಳ ಇನ್ನೊಂದು ಸೀರೆ ಎಳೆದು ತಲೆಯಿಂದ ಕಾಲವರೆಗೆ ಸುತ್ತಿಕೊಂಡು, ಸೀಟುಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತೆ. ಜೀಪು ಮರಳುದಿಬ್ಬಗಳ ಕಡೆ ಹೊರಟಿತು.

ಕತ್ತಲು ತಿಳಿಯಾಗುತ್ತಿತ್ತೆಂದು ಕಾಣುತ್ತದೆ. ಸೀರೆಯೊಳಗಿನ ಮಬ್ಬಿನಲ್ಲಿ, ಎಲ್ಲಿಂದಲೋ ಬರುವಂತೆ ಅವಳ ದನಿ ಕೇಳಿಸುತ್ತಿತ್ತು. "ಮರಳು ಗುಲಾಬಿ ಆಗ್ಲತ್ತದ ನೋಡ್ರಿ... ಚಿಗರಿ ನಿಂತಾವ, ಮೂರು... ಅಯ್ಯ, ಬಂದ ನೋಡ್ರಿ ಸೂರ್ಯಪ್ಪ!" ನಾನು ಸೀರೆಯನ್ನು ಒಂದು ಬೆರಳಿನಷ್ಟು ಸರಿಸಿದೆ. ಮರಗಟ್ಟಿದ್ದ ಕತ್ತನ್ನು ದಿಬ್ಬದ ಕಡೆ ತಿರುಗಿಸಲು ಆಗಲಿಲ್ಲ. ಕಂಬಳಿಯಿಂದ ಹೊರಗಿದ್ದ ಅವಳ ಮುಖ ಮಾತ್ರ ಕಂಡಿತು. ಅದರ ಮೇಲೆ ಬೆಳಕು ಏರುತ್ತಿತ್ತು. ಅವಳು ಬಾಯಿ ತೆರೆದು ಮಗುವಿನಂತೆ ನೋಡುತ್ತಿದ್ದಳು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ತಿಳಿಯದು. ಆಗ ನನಗೆ ಚಳಿಯ ನೆನಪಿರಲಿಲ್ಲ.

ಮರಳುವಾಗ ರೈಲಿನಲ್ಲಿ ಕೇಳಿದಳು: "ಖರೇ ಹೇಳ್ರಿ, ಸೂರ್ಯನ್ನ ನೋಡಿದ್ರೇನು?"

ಇಲ್ಲವೆಂದು ಒಪ್ಪಿಕೊಂಡೆ. ನಿನ್ನ ಮುಖವನ್ನಷ್ಟೇ ನೋಡಿದೆ ಎಂದೆ, ತುಸು ನಾಚಿಕೆಯಿಂದಲೇ.

"ಅದನ್ನ ನೋಡ್ಲಿಕ್ಕ ಇಷ್ಟು ದೂರ ಯಾಕ ಬರಬೇಕಿತ್ರಿ?" ಎಂದಳು. "ಮೈಲೂರದಾಗ ಇಪ್ಪತ್ತೆರಡು ವರ್ಷದಿಂದ ದಿನಾ ಮುಂಜಾನಿ ಚಾ ತಂದು ಕೊಡ್ತೇನಿ. ನೀವು ಫೋನಿನ್ಯಾಗ ಯಾವುದೋ ಊರಿನ ಹವಾ ನೋಡ್ತಿರ್ತೀರಿ."